ಓರಗಿತ್ತಿಯ ಫೋನಿನಲ್ಲಿದ್ದ ಮಗಳು

ಬೆಳಕು ಹರಿಯುವುದರೊಳಗೆ ಫೋನಕ್ಕ ಮಾಡಿ ಮುಗಿಸಬೇಕಾದ ಕೆಲಸಗಳಿವು. ನಲ್ಲಿ ನಿಲ್ಲುವ ಮೊದಲು ಡ್ರಮ್ಮು ತುಂಬಿಸುವುದು. ಹಾಲು ಕಾಯಿಸುವುದು; ಆಕಳಿಸುವಷ್ಟರಲ್ಲಿ ಅದು ಉಕ್ಕಿದರೆ ಒಲೆ ಒರೆಸುವುದು. ಮಗಳ ಬಾಟಲಿಗಳನ್ನು ಕುದಿಸಿ ಕವುಚಿ ಇಡುವುದು. ಅತ್ತೆಯ ಮಾತ್ರೆಗಳನ್ನು ಬಿಡಿಸಿ ಬಟ್ಟಲಿಗೆ ಹಾಕುವುದು, ಏಕೆಂದರೆ ಆ ಬೆಳ್ಳಿ ಕಾಗದ ಹರಿಯಲು ಅತ್ತೆಯ ಉಗುರಿಗೆ ಆಗುವುದಿಲ್ಲ. ಗಂಡನ ಅಂಗಿಗೆ ಇಸ್ತ್ರಿ; ಅವನ ಪಾಳಿ ಬೆಳಗಿನದಾದರೆ ಡಬ್ಬಿ ಕೂಡ. ಒಣಗಿದ ಬಟ್ಟೆ ಮಡಚುವುದು, ನೆನೆದದ್ದನ್ನು ಒಗೆಯುವುದು, ಒಗೆದದ್ದನ್ನು ಹರವುವುದು. ತಿಂಡಿಗೆ ಬೇಕಾದದ್ದನ್ನು ಹೆಚ್ಚಿ ತಟ್ಟೆ ಮುಚ್ಚಿಟ್ಟು, ಒಲೆಯ ಮುಂದಿನ ಜಾಗವನ್ನು ಓರಗಿತ್ತಿಗೆ ಒಪ್ಪಿಸುವುದು. ಕೊನೆಯ ಕೆಲಸ, ನಡುಮನೆಯ ಮಂಚದ ಹತ್ತಿರ ಹೋಗಿ ಮಗಳನ್ನು ನೋಡುವುದು. ಮುಟ್ಟದೆ.

ಮುಟ್ಟಿದರೆ ಪುಟ್ಟಿಗೆ ಎಚ್ಚರವಾಗುತ್ತದೆ. ಎಚ್ಚರವಾದರೆ ಅಳುತ್ತಾಳೆ. ಅಳಲಿ, ಎರಡು ವರ್ಷ ದಾಟಿದ ಕೂಸು ಅಳದೆ ಇನ್ನೇನು ಮಾಡೀತು. ಆದರೆ ಅವಳು ಅಳುವುದು ಅಮ್ಮ ಹೊರಟಳೆಂದಲ್ಲ, ಪಕ್ಕದಲ್ಲಿ ದೊಡ್ಡಮ್ಮ ಇಲ್ಲವೆಂದು. ಅಪ್ಪನದು ಪಾಳಿಯ ಕೆಲಸ, ಅವನ ನಿದ್ದೆ ಕೆಡಬಾರದು ಎಂದು ಮಗುವಿನ ಹಾಸಿಗೆ ನಡುಮನೆಗೆ ಬಂದು, ದೊಡ್ಡಮ್ಮನ ಪಕ್ಕಕ್ಕೆ ಅಂಟಿಕೊಂಡಿತ್ತು. ದೊಡ್ಡಮ್ಮ ಎದ್ದು ಹೋದರೆ ಅವಳ ಹಳೆಯ ಸ್ವೆಟರಿನ ತೋಳಾದರೂ ಮುಷ್ಟಿಯಲ್ಲಿ ಇರಬೇಕು. ಫೋನಕ್ಕ ಒಮ್ಮೆ ಆ ಸ್ವೆಟರನ್ನು ಒಗೆಯಲು ಹಾಕಿ, ಅದರ ಜಾಗದಲ್ಲಿ ತನ್ನದೊಂದನ್ನು ಇಟ್ಟು ನೋಡಿದ್ದಳು. ಪುಟ್ಟಿ ಅದನ್ನು ಮೂಸಿ, ಮುಖ ಸಿಂಡರಿಸಿ, ಮಂಚದ ಕೆಳಗೆ ಎಸೆದಿದ್ದಳು.

"ಸೋಪಿನ ವಾಸನೆ ಇರಬೇಕು ಕಣೆ, ಅದಕ್ಕೇ," ಎಂದಿದ್ದಳು ಓರಗಿತ್ತಿ.

ಕೂಸನ್ನು ಕಸಿದುಕೊಂಡದ್ದಲ್ಲದೆ ಸಮಾಧಾನ ಹೇಳುವ ಹಕ್ಕೂ ಇವಳದೇ ಆಯಿತಲ್ಲ ಎಂದು ಫೋನಕ್ಕನ ಹೊಟ್ಟೆಯಲ್ಲಿ ಅವತ್ತು ಬಿದ್ದ ಕಿಡಿ ಆಮೇಲೆ ಆರಲೇ ಇಲ್ಲ.

ಫೋನಕ್ಕ ಎನ್ನುವುದು ಬೀದಿಯವರು ಇಟ್ಟ ಹೆಸರು. ಮದುವೆಗೆ ಮುಂಚೆ ಅವಳು ಫೋನ್ ಕಂಪನಿಯೊಂದರ ಸರ್ವಿಸ್ ಸೆಂಟರಿನಲ್ಲಿ ಟೋಕನ್ ಕೊಡುವ ಹುಡುಗಿಯಾಗಿದ್ದಳು. ಟೋಕನ್ ಕೊಟ್ಟು ಸುಮ್ಮನೆ ಕೂರುವ ಜಾತಿಯವಳಲ್ಲ. ಬಿಡುವಾದಾಗಲೆಲ್ಲ ಒಳಗೆ ಹೋಗಿ, ಬೆನ್ನು ಬಗ್ಗಿಸಿ ಕೂತವರ ಹೆಗಲ ಮೇಲಿಂದ ಇಣುಕುತ್ತಿದ್ದಳು. ಇಣುಕಿ ಇಣುಕಿಯೇ ಸ್ಕ್ರೂ ಬಿಚ್ಚುವುದು, ಪರದೆ ಬದಲಿಸುವುದು, ಸತ್ತ ಫೋನಿಗೆ ಹೊಸದಾಗಿ ಸಾಫ್ಟ್‌ವೇರ್ ತುಂಬುವುದು ಎಲ್ಲ ಕೈಗೆ ಬಂತು. ಅವಳು ಮದುವೆಯಾಗಿ ಬಂದಾಗ, ಮಾವ ಕೊಡೆ ರಿಪೇರಿ ಮಾಡುತ್ತಿದ್ದ ಅಂಗಡಿ, ಮೆಟ್ಟಿಲ ಕೆಳಗಿನ ಆ ಸಂದಿ, ಅವರು ತೀರಿಕೊಂಡು ಬಾಗಿಲು ಹಾಕಿ ಬಿದ್ದಿತ್ತು. ಒಂದು ಕಡೆ ದರ್ಜಿಯಣ್ಣ, ಇನ್ನೊಂದು ಕಡೆ ಕೀಲಿ ಮಾಡುವವನು. ನಡುವೆ ಒಬ್ಬರು ಕೂತು, ಇನ್ನೊಬ್ಬರು ನಿಂತರೆ ಮುಗಿಯಿತು. ಅಲ್ಲಿ ಅವಳು ಮೇಜು ಹಾಕಿದಳು, ಕತ್ತು ಬಾಗುವ ದೀಪ ಹಾಕಿದಳು, ಹಳೆಯ ಲ್ಯಾಪ್‌ಟಾಪ್ ಇಟ್ಟಳು. ಹೆಣ್ಣು ಫೋನ್ ರಿಪೇರಿ ಮಾಡುವುದನ್ನು ನೋಡಲೆಂದೇ ಚೆನ್ನಾಗಿದ್ದ ಫೋನು ತಂದವರೂ ಉಂಟು.

ಅವಳದೊಂದು ಪದ್ಧತಿ ಇತ್ತು. ಯಾರೇ ಸತ್ತ ಫೋನ್ ತಂದರೂ ಮುಟ್ಟುವ ಮೊದಲು ಒಂದು ಪ್ರಶ್ನೆ: "ಒಳಗಿರೋದು ಬೇಕಾ, ಫೋನ್ ಬೇಕಾ?"

ಒಳಗಿರೋದು ಎಂದರೆ ಫೋಟೊ, ವಿಡಿಯೊ, ಮೆಸೇಜು. ಅದು ಬೇಡವೆಂದರೆ ಎಲ್ಲ ಅಳಿಸಿ ಹೊಸದರಂತೆ ಮಾಡಿಕೊಡುವುದು ಸುಲಭ. ಬೇಕೆಂದರೆ ಕೂತು ಕಾಯುವ ಕೆಲಸ, ಆದೀತೆಂದು ಹೇಳುವಂತೆಯೂ ಇಲ್ಲ. ಇನ್ನೊಂದು ನೇಮವೂ ಇತ್ತು. ಗಿರಾಕಿಯ ಫೋನ್ ಮತ್ತೆ ಆನ್ ಆಯಿತೋ, ಕರೆ ಮಾಡಿ ನೋಡುವುದು, ಕ್ಯಾಮೆರಾ ನೋಡುವುದು, ಸ್ಪೀಕರ್ ಕೇಳುವುದು. ಫೋಟೊ ತೆರೆಯುವುದಿಲ್ಲ. "ಫೋಟೊ ತೆಗೆದು ನೋಡೋದು ಅಂದ್ರೆ ಅವರ ಕಪಾಟು ತೆಗೆದ ಹಾಗೆ," ಎನ್ನುತ್ತಿದ್ದಳು.

ಪುಟ್ಟಿ ಹುಟ್ಟಿದಾಗ ಅಂಗಡಿ ಮುಚ್ಚುವ ಮಾತು ಬಂತು. ಮುಚ್ಚಬೇಡ ಎಂದವಳು ಓರಗಿತ್ತಿ. ಅವಳ ಗಂಡ, ಅಂದರೆ ಭಾವ, ದೂರದೂರಕ್ಕೆ ಲಾರಿ ಓಡಿಸುವವರು, ಮನೆಯಲ್ಲಿ ಇದ್ದದ್ದಕ್ಕಿಂತ ಇಲ್ಲದ್ದೇ ಹೆಚ್ಚು. ಗಂಡುಮಕ್ಕಳಿಬ್ಬರು ಮೀಸೆ ಮೂಡಿ ಅಮ್ಮನ ಕೈಗೆ ಸಿಗದೆ ಓಡಾಡುತ್ತಿದ್ದರು.

"ನೀನು ಹೋಗು. ನಾನಿದ್ದೀನಲ್ಲ," ಎಂದಿದ್ದಳು. "ನಾನಂತೂ ಈ ಒಲೆ ಬಿಟ್ಟು ಎಲ್ಲಿಗೂ ಹೋಗೋ ಹಾಗಿಲ್ಲ. ಒಲೆ ಜೊತೆ ಒಂದು ಕೂಸು. ನಿನಗೇನಮ್ಮ, ಕುರ್ಚಿ ಮೇಲೆ ಕೂತು ಮಾಡೋ ಕೆಲಸ, ಯಾಕೆ ಬಿಡ್ತೀಯ?"

ಕುರ್ಚಿ ಎನ್ನುವ ಪದವನ್ನು ಅವಳು ಸ್ವಲ್ಪ ಎಳೆದು ಹೇಳಿದ್ದು ಫೋನಕ್ಕನ ಕಿವಿಗೆ ಬಿದ್ದಿತ್ತು. ಆಗ ಅದು ನಗುವ ಮಾತಾಗಿತ್ತು. ಹೊಟ್ಟೆಕಿಚ್ಚು ಪಡುವುದು ಓರಗಿತ್ತಿಯ ಸರದಿ, ತಾನು ಬಚಾವು ಎಂದುಕೊಂಡಿದ್ದಳು.

ಸರದಿ ತಿರುಗಲು ಹೆಚ್ಚು ದಿನ ಬೇಕಾಗಲಿಲ್ಲ. ಮೊದಲ ಹಲ್ಲು ಕಂಡದ್ದು ಓರಗಿತ್ತಿಗೆ. ಮೊದಲ ಸಲ ಮಗುಚಿಕೊಂಡದ್ದು ಓರಗಿತ್ತಿಯ ಮುಂದೆ. ಸಂಜೆ ಫೋನಕ್ಕ ಚಪ್ಪಲಿ ಬಿಡುವ ಮೊದಲೇ, "ಬಾ ಬಾ, ಇವತ್ತು ನಿನ್ನ ಮಗಳು ಏನು ಮಾಡಿದ್ಲು ನೋಡು ಬಾ," ಎಂದು ಅವಳು ಫೋನ್ ಹಿಡಿದು ಬರುತ್ತಿದ್ದಳು. ಪುಟ್ಟಿ ಚಮಚದಿಂದ ತಟ್ಟೆ ಬಡಿಯುವುದು, ಪುಟ್ಟಿ ಕನ್ನಡಿಗೆ ಮುತ್ತು ಕೊಡುವುದು, ಅಜ್ಜಿಯ ಕನ್ನಡಕ ಹಾಕಿಕೊಂಡು ಗದರುವುದು. ಫೋನಕ್ಕ ನೆಂಟರ ಮನೆಗೆ ಬಂದವಳ ಹಾಗೆ ನಿಂತು ನೋಡುತ್ತಿದ್ದಳು, ನಗುತ್ತಿದ್ದಳು. ಕಳಿಸು ಎಂದು ಕೇಳಿದರೆ ಕಳಿಸಿಯಾಳು. ಆದರೆ ಹೆತ್ತ ಮಗಳನ್ನು ಇನ್ನೊಬ್ಬರ ಹತ್ತಿರ ಕೇಳಿ ಪಡೆಯಬೇಕೆ ಎಂಬ ಬಿಗುಮಾನ ಬಿಡುತ್ತಿರಲಿಲ್ಲ. ಕೇಳಲಿಲ್ಲ. ಹೀಗೆ ಪುಟ್ಟಿಯ ಎರಡು ವರ್ಷ ಓರಗಿತ್ತಿಯ ಫೋನಿನಲ್ಲಿ ತುಂಬಿಕೊಂಡಿತು. ಇನ್ನೆಲ್ಲಿಯೂ ಇರಲಿಲ್ಲ.

ಒಂದು ಮಾತ್ರ ಫೋನಕ್ಕನದು. ಪುಟ್ಟಿ ಮೊದಲ ಹೆಜ್ಜೆ ಇಟ್ಟದ್ದು ಒಂದು ಭಾನುವಾರ, ಅಂಗಡಿಗೆ ರಜೆ ಇದ್ದಾಗ, ಅವಳ ಕಣ್ಣೆದುರೇ, ಅವಳ ಕಡೆಗೇ. ಗಂಡ ಚಪ್ಪಾಳೆ ತಟ್ಟಿದ್ದ, ಅತ್ತೆ ನೆಟಿಗೆ ಮುರಿದಿದ್ದರು. "ಅಯ್ಯೋ, ಮೊದಲ ಸಲ ಕಣೇ! ನೋಡು, ನೀನಿರೋವಾಗಲೇ ನಡೆದಳು!" ಎಂದು ಓರಗಿತ್ತಿಯೇ ಕೂಗಿದ್ದಳು. ಮಾರನೆಯ ದಿನ ಫೋನಕ್ಕ ಬಂದ ಗಿರಾಕಿಗಳಿಗೆಲ್ಲ ಚಾಕಲೇಟು ಹಂಚಿದ್ದಳು. "ಏನಮ್ಮ, ಮಗಳು ನಡೆದ್ಲೋ, ಓಟದ ಪಂದ್ಯ ಗೆದ್ದಳೋ?" ಎಂದು ದರ್ಜಿಯಣ್ಣ ರೇಗಿಸಿದ್ದ. ಓರಗಿತ್ತಿ ಸಂಜೆ ಹೊತ್ತು ಫೋನ್ ಹಿಡಿದು ಬಂದಾಗಲೆಲ್ಲ ಫೋನಕ್ಕ ಆ ಭಾನುವಾರವನ್ನು ಮನಸ್ಸಿನಲ್ಲೇ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ನಿನ್ನ ಹತ್ತಿರ ಸಾವಿರ ಇರಲಿ, ಇದು ನನ್ನದು.

ಆ ಫೋನು ಸತ್ತದ್ದು ಒಂದು ಬೆಳಿಗ್ಗೆ. ಫೋನಕ್ಕ ಅಂಗಡಿಗೆ ಹೊರಡುವ ಹೊತ್ತಿಗೆ ಓರಗಿತ್ತಿ ಅಡುಗೆಮನೆಯ ಬಾಗಿಲಲ್ಲಿ ತಲೆಯ ಮೇಲೆ ಕೈ ಹೊತ್ತು ನಿಂತಿದ್ದಳು.

"ಏನಾಯ್ತಕ್ಕ?"

"ದಿನಾ ಅಪ್‌ಡೇಟ್ ಮಾಡು, ಅಪ್‌ಡೇಟ್ ಮಾಡು ಅಂತ ಬಡ್ಕೋತಿತ್ತು ಕಣೆ. ಕಾಟ ತಡೀಲಾರದೆ ಒತ್ತಿದೆ. ಚಾರ್ಜಿಗೆ ಹಾಕೇ ಒತ್ತಿದ್ದು. ತಿಂಡಿ ಮಾಡಿ ಬಂದು ನೋಡಿದ್ರೆ ಹೀಗೆ."

ಪರದೆಯ ಮೇಲೆ ಕಂಪನಿಯ ಗುರುತು ಬಂತು, ಹೋಯಿತು, ಕತ್ತಲಾಯಿತು. ಮತ್ತೆ ಬಂತು, ಮತ್ತೆ ಹೋಯಿತು. ಚಾರ್ಜರಿನ ತಂತಿ ನೆಲದ ಮೇಲೆ ಬಿದ್ದಿತ್ತು. ಆ ಪ್ಲಗ್ಗಿನಲ್ಲಿ ಫೋನಕ್ಕನ ಗಂಡನ ಚಾರ್ಜರು ಇತ್ತು.

"ಇದನ್ನ ಕಿತ್ತವರು ಯಾರು?"

ನಡುಮನೆಯ ಮಂಚದ ಮೇಲೆ ಬಂದು ಮಲಗಿದ್ದ ಗಂಡ ತಲೆ ಎತ್ತದೆಯೇ ಹೇಳಿದ, "ನಾನೇ ಕಣೆ. ಅತ್ತಿಗೇದು ಎಷ್ಟೊತ್ತಿಂದ ಇತ್ತು, ಆಗಿರಬೇಕು ಅಂದ್ಕೊಂಡೆ. ನಂದು ಆರಿಹೋಗ್ತಿತ್ತು."

ಫೋನಕ್ಕನಿಗೆ ಅರ್ಥವಾಯಿತು. ಆ ಫೋನಿನ ಬ್ಯಾಟರಿ ಮೊದಲೇ ಮುದುಕಿ. ತಂತಿ ಕಿತ್ತರೆ ಉಸಿರು ಬಿಡುವಂಥದ್ದು. ಹೊಸದು ಹಾಕಿಕೊಡುತ್ತೇನೆ ಎಂದು ಅವಳೇ ಎಷ್ಟೋ ಸಲ ಹೇಳಿದ್ದಳು. ಮನೆಯವರ ಫೋನು ತಾನೆ, ನಾಳೆಯಾದರಾಯಿತು. ಅಪ್‌ಡೇಟು ಅರ್ಧ ಒಳಗೆ ಹೋಗಿತ್ತು, ಅರ್ಧ ಹೊರಗೇ ಉಳಿದಿತ್ತು, ನಡುವೆ ಪ್ರಾಣ ಹೋಗಿತ್ತು.

"ನಿನ್ನನ್ನ ಯಾರು ಒತ್ತು ಅಂದ್ರು?" ಎಂದು ಅತ್ತೆ ದೊಡ್ಡ ಸೊಸೆಯ ಮೇಲೆ ಎಗರಿದರು. "ಗೊತ್ತಿಲ್ಲದ್ದಕ್ಕೆಲ್ಲ ಬೆರಳು ಹಾಕಬಾರದು." ತಂತಿ ಕಿತ್ತವನಿಗೆ ಯಾರೂ ಏನೂ ಅನ್ನಲಿಲ್ಲ. ಅವನು ಮಗ್ಗುಲು ಬದಲಿಸಿದ.

ಅಭ್ಯಾಸ ಬಲದಿಂದ ಫೋನಕ್ಕನ ಬಾಯಿಗೆ ಆ ಪ್ರಶ್ನೆಯೇ ಬಂತು. "ಅಕ್ಕ, ಒಳಗಿರೋದು ಬೇಕಾ, ಫೋನ್ ಬೇಕಾ?"

"ಫೋನ್ ಒಲೆಗೆ ಹಾಕು," ಎಂದಳು ಓರಗಿತ್ತಿ. ಅವಳ ಕಣ್ಣು ತುಂಬಿತ್ತು. "ಒಳಗೆ ಪುಟ್ಟಿ ಇದ್ದಾಳಲ್ಲೇ."

ನಿಜವಾದ ಪುಟ್ಟಿ ಅವಳ ಕಾಲಿಗೆ ಜೋತುಬಿದ್ದು ನಿಂತಿದ್ದಳು. ಹೊರಗಿನದೂ ಇವಳದೇ, ಒಳಗಿನದೂ ಇವಳದೇ, ಎಂದುಕೊಂಡಳು ಫೋನಕ್ಕ.

"ಬೀಗದ ಪ್ಯಾಟರ್ನ್ ಹೇಳು. ಆನ್ ಆದ ತಕ್ಷಣ ಬೆರಳು ತಗೊಳಲ್ಲ ಅದು."

"ನನ್ನ ಬೆರಳು ಯಾವತ್ತೂ ತಗೊಳಲ್ಲ. ಪಾತ್ರೆ ಉಜ್ಜಿ ಉಜ್ಜಿ ಗೆರೆನೇ ಸವೆದು ಹೋಗಿದೆ. ಪುಟ್ಟೀದೇ ಹಾಕಿಟ್ಟಿದ್ದೀನಿ, ಅವಳು ಇಟ್ರೆ ತೆಗೆಯುತ್ತೆ." ಓರಗಿತ್ತಿ ಫೋನಕ್ಕನ ಅಂಗೈ ಹಿಡಿದು, ತನ್ನ ನುಣುಪಾದ ತೋರುಬೆರಳಿನಿಂದ ಪ್ಯಾಟರ್ನನ್ನು ಅದರ ಮೇಲೆ ಎಳೆದು ತೋರಿಸಿದಳು.

ಅಂಗಡಿಗೆ ಹೋಗುವ ದಾರಿಯುದ್ದಕ್ಕೂ ಫೋನಕ್ಕನಿಗೆ ಅದೇ ಕೊರೆಯಿತು. ತನ್ನ ಫೋನಿಗೂ ಬೆರಳಿನ ಬೀಗವಿದೆ. ಅದಕ್ಕೆ ಮಗಳ ಬೆರಳು ಹಾಕಬೇಕೆಂದು ತನಗೆ ಒಂದು ದಿನವೂ ಹೊಳೆಯಲಿಲ್ಲವಲ್ಲ!

ಅಂಗಡಿಯಲ್ಲಿ ಮೊದಲು ಆ ಫೋನನ್ನು ಒಳ್ಳೆಯ ಚಾರ್ಜರಿಗೆ ಹಾಕಿ ಹಾಗೇ ಬಿಟ್ಟಳು. ಹೊಟ್ಟೆ ತುಂಬದ ಫೋನಿಗೆ ಏನು ಮಾಡಿದರೂ ಮತ್ತೆ ನಡುದಾರಿಯಲ್ಲಿ ಕೈ ಕೊಡುತ್ತದೆ. ಅಷ್ಟರಲ್ಲಿ ಒಡೆದ ಪರದೆಯೊಂದನ್ನು ಬದಲಿಸಿದಳು. ಆಮೇಲೆ ಪವರಿನ ಗುಂಡಿಯನ್ನೂ ದನಿ ಏರಿಸುವ ಗುಂಡಿಯನ್ನೂ ಒಟ್ಟಿಗೆ ಒತ್ತಿ ಹಿಡಿದಳು. ಕಪ್ಪು ಪರದೆಯ ಮೇಲೆ ಸಣ್ಣ ಅಕ್ಷರದ ಸಾಲುಗಳು ಬಂದವು. ಅದರಲ್ಲಿ, ತಾತ್ಕಾಲಿಕವಾಗಿ ಕೂಡಿಟ್ಟ ಕಸವನ್ನು ಮಾತ್ರ ಗುಡಿಸುವ ಸಾಲನ್ನು ಆರಿಸಿದಳು. ಎಷ್ಟೋ ಫೋನುಗಳು ಇಷ್ಟಕ್ಕೇ ಏಳುತ್ತವೆ. ಇದು ಏಳಲಿಲ್ಲ. ಗುರುತು ಬಂತು, ಹೋಯಿತು.

ಉಳಿದದ್ದು ದೊಡ್ಡ ದಾರಿ. ಅರ್ಧಕ್ಕೆ ನಿಂತ ಅದೇ ಸಾಫ್ಟ್‌ವೇರನ್ನು ಪೂರ್ತಿಯಾಗಿ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ತಂತಿ ಹಾಕಿ ಫೋನಿನೊಳಗೆ ಮತ್ತೆ ತುಂಬುವುದು. ಅಂಗಡಿಯ ಇಂಟರ್‌ನೆಟ್ ಬಸುರಿಯ ಹಾಗೆ ನಿಧಾನ. ಅದು ಇಳಿಯುತ್ತಿರುವಾಗ ಅತ್ತೆಯ ನಂಬರಿನಿಂದ ಕರೆ ಬಂತು. ಓರಗಿತ್ತಿಯದೇ ದನಿ.

"ಏನಾಯ್ತೇ?"

"ನೋಡ್ತಿದ್ದೀನಕ್ಕ."

"ಬರ್ತಾಳಾ?"

"ಯಾರು?"

"ಪುಟ್ಟಿ ಕಣೆ!"

"ಹೇಳಕ್ಕಾಗಲ್ಲ," ಎಂದು ಫೋನಕ್ಕ ಇಟ್ಟುಬಿಟ್ಟಳು. ಹೇಳಕ್ಕಾಗಲ್ಲ ಎಂದಾಗ ಆ ಕಡೆ ನಿಂತುಹೋದ ಉಸಿರು ಅವಳಿಗೆ ಕೇಳಿಸಿತ್ತು. ಕೇಳಿಸಿ, ಎಲ್ಲೋ ಒಂದು ಮೂಲೆಯಲ್ಲಿ ಹಿತವಾಗಿತ್ತು. ನೋಡಕ್ಕ, ಮಗು ಕೈ ತಪ್ಪಿದರೆ ಹೀಗಿರುತ್ತದೆ.

ಫೈಲು ಇಳಿದು ಮುಗಿಯಿತು. ಲ್ಯಾಪ್‌ಟಾಪಿನ ಪರದೆಯಲ್ಲಿ ಪಟ್ಟಿ ತೆರೆಯಿತು. ಒಂದು ಸಾಲು: ಎಲ್ಲವನ್ನೂ ಅಳಿಸಿ ಹಾಕು. ಅದರ ಕೆಳಗೆ ಇನ್ನೊಂದು: ಇದ್ದದ್ದನ್ನು ಮುಟ್ಟದೆ ಹಾಕು. ಮೊದಲನೆಯದಕ್ಕೆ ಫೋನು ಖಂಡಿತ ಏಳುತ್ತದೆ. ಎರಡನೆಯದಕ್ಕೆ ಎದ್ದರೂ ಏಳಬಹುದು, ಮುನಿಸಿಕೊಂಡರೂ ಮುನಿಸಿಕೊಳ್ಳಬಹುದು.

ಫೋನಕ್ಕ ಇಲಿಯಂತಹ ಆ ಮೌಸಿನ ಮೇಲೆ ಕೈಯಿಟ್ಟು ಕೂತಳು. ಎಲ್ಲ ಹೋಯ್ತು ಅಕ್ಕ. ಈ ಮಾತನ್ನು ಅವಳು ಎಷ್ಟು ಗಿರಾಕಿಗಳಿಗೆ ಹೇಳಿಲ್ಲ! ದನಿ ಸ್ವಲ್ಪ ಇಳಿಸಬೇಕು, ತಲೆ ಸ್ವಲ್ಪ ಅಲ್ಲಾಡಿಸಬೇಕು, ಮುಗಿಯಿತು. ಅದು ಸುಳ್ಳೆಂದು ಹೇಳುವವರು ಆ ಮನೆಯಲ್ಲಿ ಒಬ್ಬರೂ ಇಲ್ಲ. ಎಲ್ಲ ಹೋದರೆ ಎಷ್ಟು ಚೆಂದ. ಅವಳ ಹತ್ತಿರ ಚಮಚವೂ ಇಲ್ಲ, ಕನ್ನಡಿಯೂ ಇಲ್ಲ. ತನ್ನ ಹತ್ತಿರ ಒಂದು ಭಾನುವಾರ. ಆಗ ನೋಡೋಣ ಯಾರು ಶ್ರೀಮಂತರು.

"ಏನಮ್ಮ ಫೋನಕ್ಕ, ಬೆಳಿಗ್ಗೆಯಿಂದ ಒಂದೇ ಫೋನಿಗೆ ಕಾವು ಕೊಡ್ತಿದ್ದೀಯ?" ಪಕ್ಕದಿಂದ ದರ್ಜಿಯಣ್ಣ ತಲೆ ಹಾಕಿದ. ಬಾಯಲ್ಲಿ ಗುಂಡುಸೂಜಿ. "ದೊಡ್ಡ ಗಿರಾಕೀದಾ?"

"ನಮ್ಮಕ್ಕಂದು."

"ಓ, ಮನೇದಾ! ಹಾಗಾದ್ರೆ ಕಷ್ಟವೇ ಬಿಡು. ನಾನು ಹೆಂಡತಿ ರವಿಕೆ ಹೊಲೆದುಕೊಟ್ಟು ಯಾವ ಕಾಲವಾಯ್ತೋ."

"ಹೆಂಡತಿ ನಿಮ್ಮ ಊಟ ಹಾಗೆ ಮುಂದಕ್ಕೆ ಹಾಕ್ತಾಳಾ ಅಣ್ಣ?"

"ಅಯ್ಯೋ, ಅದೊಂದು ಕಲಿಸಬೇಡ ಅವಳಿಗೆ," ಎಂದು ಅವನು ತಲೆ ಎಳೆದುಕೊಂಡ.

ಫೋನಕ್ಕ ಎರಡನೆಯ ಸಾಲನ್ನೇ ಆರಿಸಿದಳು. ಒಳ್ಳೆಯತನ ಉಕ್ಕಿ ಬಂದಿತೆಂದು ಯಾರೂ ತಿಳಿಯಬೇಕಾಗಿಲ್ಲ. ಅವಳಿಗೆ ಬೇರೆಯದೇ ಹೊಳೆದಿತ್ತು. ಉಳಿಸಿಕೊಳ್ಳೋಣ. ಉಳಿಸಿಕೊಂಡು ಎಲ್ಲವನ್ನೂ ತನ್ನ ಲ್ಯಾಪ್‌ಟಾಪಿಗೆ ಎಳೆದುಕೊಳ್ಳೋಣ. ಆಮೇಲೆ ಫೋನನ್ನು ಖಾಲಿ ಮಾಡಿ, ಎಲ್ಲ ಹೋಯ್ತು ಅಕ್ಕ ಎಂದು ಕೈಗೆ ಕೊಡೋಣ. ಎರಡು ವರ್ಷದ ಪುಟ್ಟಿ ತನ್ನ ಒಬ್ಬಳದೇ. ಅದನ್ನು ನೆನೆದು ಮೈ ಬೆಚ್ಚಗಾಯಿತು, ಜೊತೆಗೇ ಕಿವಿಯೂ ಬಿಸಿಯಾಯಿತು.

ಹಸಿರು ಪಟ್ಟಿ ತೆವಳಿತು. ತುದಿ ಮುಟ್ಟಿತು. ತಂತಿ ಕಿತ್ತು ಗುಂಡಿ ಒತ್ತಿದಳು. ಗುರುತು ಬಂತು. ಹೋಗಲಿಲ್ಲ. ನಿಂತಿತು, ಮಿಣುಕಿತು, ಮಿಣುಕುತ್ತಲೇ ಇತ್ತು. ಫೋನಕ್ಕ ಉಗುರು ಕಚ್ಚುತ್ತ ಕೂತಳು. ಕೊನೆಗೊಮ್ಮೆ ಬೆಳಕಾಗಿ, ಪರದೆಯ ಮೇಲೆ ಬಾಯಿತುಂಬ ಸೋಪಿನ ನೊರೆ ಮೆತ್ತಿಕೊಂಡ ಪುಟ್ಟಿ ನಕ್ಕಳು.

ಮಧ್ಯಾಹ್ನದ ಊಟದ ಹೊತ್ತು. ಬೀದಿ ತಣ್ಣಗಾಗಿತ್ತು. ಫೋನಕ್ಕ ಅಂಗಡಿಯ ಬಾಗಿಲನ್ನು ಅರ್ಧ ಇಳಿಸಿದಳು. ಅಂಗೈ ಮೇಲೆ ಓರಗಿತ್ತಿ ಎಳೆದ ಪ್ಯಾಟರ್ನನ್ನು ಪರದೆಯ ಮೇಲೆ ಎಳೆದಳು. ಬೀಗ ತೆರೆಯಿತು. ತಾನು ಇಷ್ಟು ವರ್ಷ ಮುಟ್ಟದ ಕಪಾಟನ್ನು ಅವಳು ತೆರೆದಳು. ಇದು ಗಿರಾಕಿಯದಲ್ಲ, ಒಳಗಿರುವುದು ನನ್ನ ಮಗಳು, ಎಂದು ತನಗೇ ಹೇಳಿಕೊಂಡಳು.

ಓರಗಿತ್ತಿ ಸಂಜೆ ಹೊತ್ತು ತೋರಿಸಿದ್ದು ಹತ್ತರಲ್ಲಿ ಒಂದು ಪಾಲೂ ಅಲ್ಲ. ತೋರಿಸದೆ ಉಳಿದವು ರಾಶಿ. ಫೋನಕ್ಕ ಒಂದೊಂದಾಗಿ ತೆರೆದಳು. ಎಲ್ಲದರಲ್ಲೂ ಚಿತ್ರ ಅಲ್ಲಾಡುತ್ತಿತ್ತು, ಏಕೆಂದರೆ ತೆಗೆಯುವವಳ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಸೌಟೋ ಪೊರಕೆಯೋ ಇತ್ತು. ಕುಕ್ಕರು ಕೂಗಿದರೆ ಚಿತ್ರ ಒಲೆಯ ಕಡೆ ಓಡುತ್ತಿತ್ತು, ಗ್ಯಾಸು ಆರುತ್ತಿತ್ತು, ಚಿತ್ರ ಮತ್ತೆ ಪುಟ್ಟಿಯ ಕಡೆ ಓಡಿ ಬರುತ್ತಿತ್ತು. ಹಿಂದಿನಿಂದ ದನಿಗಳು. ನನ್ನ ಟವೆಲ್ ಎಲ್ಲಿ? ದೊಡ್ಡವಳೇ, ಬಿಸಿನೀರು ತಾ. ಅಮ್ಮಾ, ನನ್ನ ಸಾಕ್ಸ್. ಓರಗಿತ್ತಿಯ ಮುಖ ಮಾತ್ರ ಎಲ್ಲಿಯೂ ಇರಲಿಲ್ಲ. ಎಲ್ಲೋ ಒಮ್ಮೊಮ್ಮೆ ಪುಟ್ಟಿಯ ಕೆನ್ನೆ ಒರೆಸುವ ಒದ್ದೆ ಕೈ, ಅಷ್ಟೆ.

ಹಿಂದೆ ಹಿಂದೆ ಹೋದಂತೆ ಪುಟ್ಟಿ ಸಣ್ಣವಳಾಗುತ್ತ ಹೋದಳು. ಮಾತು ಹೋಯಿತು, ಓಟ ಹೋಯಿತು. ಆ ಭಾನುವಾರ ಬಂತು. ಅದರಲ್ಲಿ ಫೋನಕ್ಕ ಇದ್ದಳು, ಮಂಡಿಯೂರಿ, ಕೈ ಚಾಚಿ. ಅದನ್ನು ಮೂರು ಸಲ ನೋಡಿದಳು. ನೋಡಿ, ಗೆದ್ದವಳ ಹಾಗೆ ಅದರ ಹಿಂದಿನದನ್ನು ತೆರೆದಳು.

ಹಿಂದಿನದು ಶುಕ್ರವಾರದ್ದು.

ನಡುಮನೆ. ಪುಟ್ಟಿ ಮೇಜಿನ ಕಾಲು ಹಿಡಿದು ನಿಂತಿದ್ದಾಳೆ. ಕೈ ಬಿಟ್ಟಳು. ಒಂದು ಹೆಜ್ಜೆ, ಇನ್ನೊಂದು, ತೂರಾಡಿ ಮತ್ತೊಂದು. ನಡುಮನೆಯ ಉದ್ದಕ್ಕೂ ನಡೆದು ಬಂದು ಕ್ಯಾಮೆರಾಕ್ಕೆ ಮುಖ ಹೊಡೆದುಕೊಂಡಳು. "ಅಯ್ಯೋ ನನ್ನ ಬಂಗಾರ! ನಡೆದೇಬಿಟ್ಯಾ!" ಓರಗಿತ್ತಿಯ ನಗು. ಆ ನಗು ಅರ್ಧದಲ್ಲಿ ನಿಂತಿತು. ಆಮೇಲೆ ಪಿಸುಮಾತು.

"ಶ್... ಕೇಳಿಲ್ಲಿ. ಇವತ್ತು ನಡೆದಿದ್ದು ಯಾರಿಗೂ ಹೇಳೋದು ಬೇಡ, ಆಯ್ತಾ? ಭಾನುವಾರ ನಿಮ್ಮಮ್ಮ ಮನೇಲಿರ್ತಾಳೆ. ಅವತ್ತು ನಡೀ. ಅಲ್ಲೀವರೆಗೂ ತೆವಳ್ಕೊಂಡೇ ಇರು ನಮ್ಮವ್ವ. ಪಾಪ, ಅವಳಿಗೂ ಒಂದಿರಲಿ."

ಫೋನಕ್ಕನ ಮುಖಕ್ಕೆ ಯಾರೋ ಬಿಸಿನೀರು ಎರಚಿದಂತಾಯಿತು. ಪಾಪ. ಅವಳಿಗೂ ಒಂದಿರಲಿ. ಹಂಚಿದ ಆ ಚಾಕಲೇಟುಗಳೆಲ್ಲ ಭಿಕ್ಷೆಯವಾದವು. ಕಸಿದುಕೊಂಡಿದ್ದರೆ ಜಗಳವಾಡಬಹುದಿತ್ತು. ಕೊಟ್ಟವಳ ಜೊತೆ ಹೇಗೆ ಜಗಳವಾಡುವುದು? ಮಗು ಕೂರುವ ತೊಡೆ ಅವಳದು, ಮಗುವಿನ ನಿದ್ದೆ ಅವಳದು, ಈಗ ದೊಡ್ಡ ಮನಸ್ಸೂ ಅವಳದೇ. ತನಗೆ ಉಳಿದದ್ದು ಏನು, ಕುರ್ಚಿಯೆ? ಹೊಟ್ಟೆಯ ಕಿಚ್ಚು ಎದೆಗೆ, ಎದೆಯಿಂದ ಕಣ್ಣಿಗೆ ಏರಿತು. ಅಳಿಸುವ ಗುರುತಿನ ಮೇಲೆ ಬೆರಳು ತಂದಳು. ಇದೊಂದು ಹೋದರೆ ಭಾನುವಾರ ನಿಜವಾಗುತ್ತದೆ.

ಒತ್ತುವ ಮೊದಲು ಇನ್ನೊಮ್ಮೆ ನೋಡಿದಳು. ಆಗ ಕಂಡದ್ದು ಮೊದಲ ಸಲ ಕಂಡಿರಲಿಲ್ಲ.

ಚಿತ್ರದ ಬಲಗಡೆ ಮಂಚ. ಮಂಚದಿಂದ ಹೊರಚಾಚಿದ ಎರಡು ಪಾದ. ಒಂದರ ಮೇಲೊಂದು. ಕಾಲುಚೀಲ ಫೋನಕ್ಕನೇ ಕೊಂಡು ತಂದದ್ದು, ಅವಳೇ ಒಗೆದದ್ದು. ಮೇಲಿನ ಪಾದದ ಹೆಬ್ಬೆರಳು ಯಾವುದೋ ಹಾಡಿಗೆ ಅಲ್ಲಾಡುತ್ತಿದೆ. ಪುಟ್ಟಿ ಆ ಪಾದಗಳ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ತನ್ನ ಮೊದಲ ಹೆಜ್ಜೆ ಇಟ್ಟು ದಾಟಿ ಹೋದಳು. ಹೆಬ್ಬೆರಳು ಅಲ್ಲಾಡುತ್ತಲೇ ಇತ್ತು.

ಕೊನೆಯಲ್ಲಿ ಗಂಡನ ದನಿ. "ಏನತ್ತಿಗೆ ಗಲಾಟೆ? ಸ್ವಲ್ಪ ಟೀ ಸಿಗುತ್ತಾ?"

"ಮಾಡ್ತೀನಿ," ಎಂದಳು ಓರಗಿತ್ತಿ. ವಿಡಿಯೊ ಮುಗಿಯಿತು.

ಅವನು ಭಾನುವಾರ ಚಪ್ಪಾಳೆ ತಟ್ಟಿದ್ದು ನಾಟಕವಲ್ಲ. ಅವನಿಗೆ ಅದೇ ಮೊದಲು. ಮನೆಯಲ್ಲೇ ಇದ್ದು, ಎಚ್ಚರವಾಗಿಯೇ ಇದ್ದು, ನೋಡಿರಲಿಲ್ಲ. ಎರಡು ವರ್ಷ ಫೋನಕ್ಕ ಓರಗಿತ್ತಿಯ ಸ್ವೆಟರಿನ ಮೇಲೆ, ಓರಗಿತ್ತಿಯ ಫೋನಿನ ಮೇಲೆ ಉರಿದಿದ್ದಳು. ಈ ಪಾದಗಳ ಮೇಲೆ ಒಂದು ದಿನ ಉರಿದದ್ದುಂಟೆ? ಇಲ್ಲ. ಪಾಳಿ ಮಧ್ಯಾಹ್ನದ್ದಾದರೆ ಬೆಳಗೆಲ್ಲ ಮನೆಯಲ್ಲೇ ಇರುವ ಅವನು ಏನೇನು ನೋಡಬಹುದಿತ್ತು ಎಂದು ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವನಿಗೆ ಯಾವುದೂ ತಪ್ಪಿಹೋಗಿರಲಿಲ್ಲ, ಏಕೆಂದರೆ ಬೇಕೆಂದು ಕೇಳಿಯೇ ಇರಲಿಲ್ಲ. ತಪ್ಪಿಹೋಯಿತೆಂದು ಗೋಳಾಡುವ ಕೆಲಸವನ್ನೂ ಮನೆಯ ಹೆಂಗಸರೇ ಹಂಚಿಕೊಂಡಿದ್ದರು.

ಹಾಗೆಂದು ಓರಗಿತ್ತಿಯ ಮೇಲಿನ ಕಿಚ್ಚು ಆರಿತೆ? ಎಲ್ಲಿಯ ಮಾತು. ಅದು ತನ್ನ ಜಾಗದಲ್ಲಿ ತಾನಿತ್ತು. ಪಕ್ಕದಲ್ಲಿ ಇನ್ನೊಂದು ಹೊತ್ತಿಕೊಂಡಿತ್ತು, ಅಷ್ಟೆ.

ಫೋನಕ್ಕನ ಫೋನು ಹೊಡೆದುಕೊಂಡಿತು. ಅತ್ತೆಯ ನಂಬರು.

"ನಾನು ಕಣೆ," ಎಂದಳು ಓರಗಿತ್ತಿ. "ಊಟ ಸೇರಲಿಲ್ಲ. ಏನಾದ್ರೂ ಒಂದು ಹೇಳು. ಹೋಗಿದ್ರೆ ಹೋಯ್ತು ಅನ್ನು, ಅತ್ತು ಬಿಡ್ತೀನಿ."

ಎಲ್ಲ ಹೋಯ್ತು ಅಕ್ಕ. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ದನಿ ಇಳಿಸುವುದೊಂದೇ ಬಾಕಿ. ಆ ಕಡೆಯಿಂದ ಪುಟ್ಟಿ ಏನೋ ಕೂಗುತ್ತಿರುವುದು ಕೇಳಿಸಿತು, ಪಾತ್ರೆ ಬಿದ್ದ ಸದ್ದು ಕೇಳಿಸಿತು, "ಎತ್ತು ಮತ್ತೆ," ಎಂದು ಓರಗಿತ್ತಿ ಅವಳಿಗೆ ಹೇಳಿದ್ದು ಕೇಳಿಸಿತು.

"ಬಂತು ಅಕ್ಕ," ಎಂದಳು ಫೋನಕ್ಕ. "ಎಲ್ಲ ಇದೆ."

"ಎಲ್ಲಾನೂ?"

"ಎಲ್ಲಾನೂ."

ಆ ಕಡೆ ಸಂತೋಷದ ಕೂಗು ಬರಬೇಕಿತ್ತು. ಬರಲಿಲ್ಲ. ಒಂದು ತೊದಲು ಬಂತು. "ನೀನು... ತೆಗೆದು ನೋಡಿದ್ಯಾ?"

"ಕಪಾಟು ತೆಗೆಯಲ್ಲ ಅಂತ ಗೊತ್ತಲ್ಲ ನಿನಗೆ."

"ಹೌದೌದು. ಸುಮ್ನೆ ಕೇಳ್ದೆ." ಓರಗಿತ್ತಿಯ ಉಸಿರು ಸಡಿಲವಾಯಿತು. "ನಿನ್ನ ಕೈ ಬಂಗಾರ ಕಣೆ. ಬೇಗ ಬಾ, ಬಿಸಿ ಮಾಡಿಡ್ತೀನಿ."

ಫೋನಕ್ಕ ಫೋನು ಕೆಳಗಿಟ್ಟಳು. ಆಚೆ ದರ್ಜಿಯಣ್ಣನ ಮೆಷಿನ್ನು ನಿಂತಿತ್ತು. ಅವನು ಊಟಕ್ಕೆ ಹೋಗಿದ್ದ. ಶುಕ್ರವಾರ ಇನ್ನೂ ಪರದೆಯ ಮೇಲೆ ನಿಂತಿತ್ತು, ಪುಟ್ಟಿಯ ಒಂದು ಕಾಲು ಗಾಳಿಯಲ್ಲಿ.

ಅಳಿಸಬಹುದು. ರಿಪೇರಿಯಲ್ಲಿ ಒಂದು ವಿಡಿಯೊ ಹೋದರೆ ಯಾರು ಕೇಳುತ್ತಾರೆ? ಓರಗಿತ್ತಿಯಂತೂ ಬಾಯಿ ಬಿಡುವ ಹಾಗಿಲ್ಲ. ಇಲ್ಲವೇ ತಂತಿಯಲ್ಲಿ ಲ್ಯಾಪ್‌ಟಾಪಿಗೆ ಎಳೆದುಕೊಳ್ಳಬಹುದು. ಆ ದಾರಿಗೆ ಗುರುತು ಉಳಿಯುವುದಿಲ್ಲ. ತಾನು ನೋಡಿದ್ದು ತನಗೆ, ಅವಳು ಮುಚ್ಚಿಟ್ಟದ್ದು ಅವಳಿಗೆ, ಇಬ್ಬರೂ ಭಾನುವಾರದ ಮಾತಾಡಿಕೊಂಡು ನಗುತ್ತ ಇರಬಹುದು. ಅವನು ಕೂಡ ನಗಬಹುದು.

ಇನ್ನೊಂದು ದಾರಿ ಇತ್ತು. ಓರಗಿತ್ತಿಯ ಫೋನಿನಿಂದಲೇ ಮೆಸೇಜಿನಲ್ಲಿ ಕಳಿಸಿಕೊಳ್ಳುವುದು. ಹಾಗೆ ಕಳಿಸಿದರೆ ಗುರುತು ಉಳಿಯುತ್ತದೆ. ಫೋನು ಕೈಗೆ ಸಿಕ್ಕ ತಕ್ಷಣ ಓರಗಿತ್ತಿ ಮೆಸೇಜು ತೆರೆಯುತ್ತಾಳೆ. ಎಲ್ಲಕ್ಕಿಂತ ಮೇಲೆ ಫೋನಕ್ಕನ ಹೆಸರು, ಅದರ ಕೆಳಗೆ ತಾನು ಕಳಿಸದ, ಆದರೆ ತನ್ನ ಫೋನಿನಿಂದ ಹೋದ ಶುಕ್ರವಾರ. ತಿಳಿದುಹೋಗುತ್ತದೆ. ತಾನು ಪಾಪ ಅಂದದ್ದೂ, ಬಚ್ಚಿಟ್ಟದ್ದೂ ಇವಳಿಗೆ ಗೊತ್ತಾದದ್ದೂ, ಈಗಷ್ಟೇ ಇವಳು ಕಪಾಟು ತೆಗೆಯಲ್ಲ ಎಂದು ಸುಳ್ಳು ಹೇಳಿದ್ದೂ. ಒಲೆಯ ಮುಂದೆ ಇಬ್ಬರೂ ಮುಖಾಮುಖಿ ನಿಲ್ಲಬೇಕಾಗುತ್ತದೆ. ಆ ಮಂಚದ ಕಡೆಗೂ ಇಬ್ಬರೂ ತಿರುಗಬೇಕಾಗಬಹುದು. ಆಮೇಲೆ ಆ ಮನೆ ಹಿಂದಿನ ಹಾಗೆ ಇರುತ್ತದೆಂದು ಹೇಳಲಾಗದು.

ಫೋನಕ್ಕ ಬಾಗಿಲ ಕೆಳಗಿನ ಬೆಳಕನ್ನು ನೋಡಿದಳು. ಯಾರದೋ ಕಾಲುಗಳು ಬಂದು, ನಿಂತು, ಅರ್ಧ ಇಳಿದ ಬಾಗಿಲು ಕಂಡು ಹೊರಟುಹೋದವು. ಅವಳು ಓರಗಿತ್ತಿಯ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಹೆಸರನ್ನು ಹುಡುಕಿದಳು. ಅಲ್ಲಿ ಹೆಸರಿರಲಿಲ್ಲ. 'ಪುಟ್ಟಿ ಅಮ್ಮ' ಎಂದಿತ್ತು. ಅದನ್ನು ಆರಿಸಿ, ಕಳಿಸುವ ಬಾಣವನ್ನು ಒತ್ತಿದಳು.